ಹಿಂಬದಿ ಇಂಜಿನ್ನಿನ ಹಳೆ ಕಾರಿಗೆ ಆಯಿಲ್ ಕೂಲರ್ ಎಲ್ಲಿ ಕೂರಿಸಬೇಕು? ‘ಗಾಳಿ ಬರುವ ಕಡೆ’ ಎಂಬುದು ಅರ್ಧ ಸತ್ಯ

ಸಲಹೆ: ‘ಇಂಜಿನ್ ಬಿಸಿಯಾಗ್ತಿದೆಯಾ? ಒಂದು ಎಕ್ಸ್‌ಟ್ರಾ ಆಯಿಲ್ ಕೂಲರ್ ತಂದು, ಫ್ಯಾನ್ ಗಾಳಿ ಎಳೆಯೋ ಕಡೆ ಕಟ್ಟಿಬಿಡಿ. ಸಮಸ್ಯೆ ಮುಗೀತು.’

ನಿಜವೇನು: ಆ ಜಾಗದಲ್ಲಿ ಕಟ್ಟಿದರೆ ಆಯಿಲ್ ತಣ್ಣಗಾಗುತ್ತದೆ, ಆದರೆ ಇಂಜಿನ್ ಇನ್ನಷ್ಟು ಬಿಸಿಯಾಗುತ್ತದೆ. ಕೂಲರ್‌ಗೆ ಹೊರಗಿನ ತಂಪು ಗಾಳಿ ಸಿಗಬೇಕು ಮತ್ತು ಅದರಿಂದ ಹೊರಬಂದ ಬಿಸಿ ಗಾಳಿ ಇಂಜಿನ್ನಿನ ಕಡೆ ಹೋಗಬಾರದು. ಈ ಎರಡೂ ಷರತ್ತು ಪೂರೈಸುವ ಜಾಗವೇ ಸರಿಯಾದ ಜಾಗ.

ಫೋಕ್ಸ್‌ವ್ಯಾಗನ್ ಬೀಟಲ್ ಇಟ್ಟುಕೊಂಡವರಿಗೆ ಇಂಥ ಸಲಹೆ ಹೊಸದಲ್ಲ. ಜಗತ್ತಿನಲ್ಲಿ 2.15 ಕೋಟಿಗೂ ಹೆಚ್ಚು ಬೀಟಲ್‌ಗಳು ತಯಾರಾಗಿವೆ, ಕೊನೆಯದು 2003ರಲ್ಲಿ ಮೆಕ್ಸಿಕೋದ ಪ್ಯೂಬ್ಲಾದಲ್ಲಿ ಹೊರಬಂತು. ಬೆಂಗಳೂರಿನ ಹಳೆ ಕಾರುಗಳ ರ‍್ಯಾಲಿಗಳಲ್ಲೂ ಅಲ್ಲೊಂದು ಇಲ್ಲೊಂದು ಬೀಟಲ್ ಕಾಣಿಸುತ್ತದೆ. ಹಾಗಾಗಿ ಈ ಸಲಹೆ ಎಲ್ಲಿ ತಪ್ಪುತ್ತದೆ ಎಂದು ಬೀಟಲ್ ಮತ್ತು ಪೋರ್ಶೆ 911, ಈ ಎರಡು ಕಾರುಗಳನ್ನು ಮುಂದಿಟ್ಟುಕೊಂಡು ನೋಡೋಣ.

ಈ ಇಂಜಿನ್ನಿಗೆ ಆಯಿಲ್ ಯಾಕೆ ಅಷ್ಟು ಮುಖ್ಯ?

ಸಾಮಾನ್ಯ ಕಾರಿನಲ್ಲಿ ರೇಡಿಯೇಟರ್ ಇರುತ್ತದೆ. ನೀರು ಇಂಜಿನ್ನಿನ ಬಿಸಿ ಹೊತ್ತು ಅಲ್ಲಿಗೆ ಬಂದು ತಣ್ಣಗಾಗುತ್ತದೆ. ಬೀಟಲ್‌ನಲ್ಲಿ ನೀರೂ ಇಲ್ಲ, ರೇಡಿಯೇಟರೂ ಇಲ್ಲ. ಹಿಂದುಗಡೆಯ ಇಂಜಿನ್ನಿನ ಮೇಲೆ ಬೆಲ್ಟ್‌ನಿಂದ ತಿರುಗುವ ಒಂದು ಫ್ಯಾನ್ ಇದೆ. ಹಿಂಬದಿ ಗಾಜಿನ ಕೆಳಗಿನ ಸೀಳುಗಳ ಮೂಲಕ ಒಳಬಂದ ಗಾಳಿಯನ್ನು ಆ ಫ್ಯಾನ್ ಎಳೆದುಕೊಂಡು, ತಗಡಿನ ಕವಚದ ಮೂಲಕ ಸಿಲಿಂಡರ್‌ಗಳ ಮೇಲೆ ಬೀಸುತ್ತದೆ. ಬಿಸಿಯಾದ ಗಾಳಿ ಕಾರಿನ ಅಡಿಯಿಂದ ಹೊರಗೆ ಹೋಗುತ್ತದೆ.

ಗಾಳಿ ಮುಟ್ಟದ ಒಳಭಾಗಗಳ ಬಿಸಿಯನ್ನು ಹೊತ್ತು ತರುವುದು ಆಯಿಲ್. ಅದು ಇರುವುದೇ ಸುಮಾರು ಎರಡೂವರೆ ಲೀಟರ್. ಬೇರಿಂಗ್‌ಗಳಿಗೆ ಜಾರುವಿಕೆ ಕೊಡುವುದೂ ಅದೇ, ಬಿಸಿ ಸಾಗಿಸುವುದೂ ಅದೇ. ಸಾಮಾನ್ಯವಾಗಿ 80ರಿಂದ 105 ಡಿಗ್ರಿ ಸೆಲ್ಸಿಯಸ್ ಇದಕ್ಕೆ ಹಿತವಾದ ಉಷ್ಣತೆ. 120 ದಾಟಿ ಹೋಗುತ್ತಲೇ ಇದ್ದರೆ ಆಯಿಲ್ ತೆಳುವಾಗುತ್ತದೆ, ಒತ್ತಡ ಇಳಿಯುತ್ತದೆ, ಬೇರಿಂಗ್ ಸವೆಯುತ್ತದೆ. ಕೊನೆಗೆ ಇಂಜಿನ್ ಸೀಜ್ ಆಗುತ್ತದೆ. ಆದ್ದರಿಂದ ಕೂಲರ್ ಬೇಕು ಅನ್ನಿಸುವುದರಲ್ಲಿ ತಪ್ಪೇನಿಲ್ಲ.

ಕಂಪನಿಯೇ ಕಲಿತ ಪಾಠ

ಬೀಟಲ್‌ಗೆ ಕಾರ್ಖಾನೆಯಿಂದಲೇ ಒಂದು ಆಯಿಲ್ ಕೂಲರ್ ಬರುತ್ತದೆ. ಹಳೆ ಮಾದರಿಗಳಲ್ಲಿ ಅದು ಫ್ಯಾನ್ ಕವಚದ ಒಳಗೇ ನೆಟ್ಟಗೆ ನಿಂತಿರುತ್ತಿತ್ತು. ಫ್ಯಾನ್ ಬೀಸಿದ ಗಾಳಿ ಮೊದಲು ಕೂಲರ್ ದಾಟಿ, ಅಲ್ಲಿ ಬಿಸಿಯಾಗಿ, ಆಮೇಲೆ ಕೆಳಗಿದ್ದ ಮೂರನೇ ಸಿಲಿಂಡರ್ ಮೇಲೆ ಬೀಳುತ್ತಿತ್ತು. ಉಳಿದ ಮೂರಕ್ಕೆ ತಂಪು ಗಾಳಿ, ಇದೊಂದಕ್ಕೆ ಮಾತ್ರ ಬಿಸಿ ಗಾಳಿ. ಬೀಟಲ್ ರಿಪೇರಿ ಮಾಡುವವರ ಬಾಯಲ್ಲಿ ‘ಮೂರನೇ ಸಿಲಿಂಡರ್’ ಸಮಸ್ಯೆ ಅಷ್ಟು ಪ್ರಸಿದ್ಧವಾಗಿದ್ದು ಇದರಿಂದಲೇ.

1971ರ ಮಾದರಿಯಿಂದ ಕಂಪನಿ ಕೂಲರನ್ನು ಆ ಜಾಗದಿಂದ ಸರಿಸಿ, ಕವಚದ ಬೆನ್ನಿಗೆ ಅಂಟಿಕೊಂಡ ಬೇರೆ ಗೂಡಿನಲ್ಲಿ ಕೂರಿಸಿತು. ಅದಕ್ಕೆ ಬೇರೆಯೇ ಗಾಳಿದಾರಿ ಮಾಡಿ, ಬಿಸಿ ಗಾಳಿ ಸಿಲಿಂಡರ್ ಮುಟ್ಟದೆ ಹೊರಹೋಗುವಂತೆ ಮಾಡಿತು. ನಾಯಿಗೂಡಿನಂತೆ ಕಾಣುವುದರಿಂದ ಇಂಗ್ಲಿಷ್‌ನಲ್ಲಿ ಅದಕ್ಕೆ ‘ಡಾಗ್‌ಹೌಸ್’ ಕೂಲರ್ ಎಂದೇ ಹೆಸರು.

ಈಗ ಮೇಲಿನ ಸಲಹೆಯನ್ನು ಇನ್ನೊಮ್ಮೆ ಓದಿ. ಫ್ಯಾನ್‌ನ ಬಾಯಿಗೆ ಕೂಲರ್ ಕಟ್ಟುವುದೆಂದರೆ, ಕಂಪನಿ 1971ರಲ್ಲಿ ತಿದ್ದಿಕೊಂಡ ತಪ್ಪನ್ನು ನಾವು ನಾಲ್ಕೂ ಸಿಲಿಂಡರ್‌ಗಳಿಗೆ ಹಂಚಿದಂತೆ. ಆಯಿಲ್‌ನಿಂದ ತೆಗೆದ ಬಿಸಿ ನೇರವಾಗಿ ಸಿಲಿಂಡರ್ ಹೆಡ್‌ಗಳಿಗೆ ಹೋಗುತ್ತದೆ. ಜೊತೆಗೆ ಕೂಲರ್ ಅಡ್ಡ ನಿಂತಿರುವುದರಿಂದ ಫ್ಯಾನ್‌ಗೆ ಸಿಗುವ ಗಾಳಿಯೇ ಕಡಿಮೆಯಾಗುತ್ತದೆ.

ಇಲ್ಲಿ ಮೋಸ ಹೋಗುವುದು ಸುಲಭ. ಆಯಿಲ್ ಉಷ್ಣತೆಯ ಮೀಟರ್ ಕೆಳಗಿಳಿದಿರುತ್ತದೆ, ‘ಕೂಲರ್ ಕೆಲಸ ಮಾಡ್ತಿದೆ’ ಎಂದು ಸಮಾಧಾನವಾಗುತ್ತದೆ. ಹೆಡ್ ಎಷ್ಟು ಬಿಸಿಯಾಗಿದೆ ಎಂದು ತೋರಿಸುವ ಮೀಟರ್ ಹೆಚ್ಚಿನ ಕಾರುಗಳಲ್ಲಿ ಇರುವುದೇ ಇಲ್ಲ.

ಬಿಸಿ ಗಾಳಿಯಲ್ಲಿ ಕೂಲರ್ ಯಾಕೆ ಸೋಲುತ್ತದೆ?

ಕೂಲರ್ ಎಷ್ಟು ಬಿಸಿ ಬಿಡುತ್ತದೆ ಎಂಬುದು ಮುಖ್ಯವಾಗಿ ಆಯಿಲ್ ಮತ್ತು ಗಾಳಿಯ ಉಷ್ಣತೆಯ ವ್ಯತ್ಯಾಸದ ಮೇಲೆ ನಿಂತಿದೆ. ಒಂದು ಲೆಕ್ಕ ಹಾಕೋಣ. ಆಯಿಲ್ 105 ಡಿಗ್ರಿ, ಹೊರಗಿನ ಗಾಳಿ 35 ಡಿಗ್ರಿ ಇದ್ದರೆ ವ್ಯತ್ಯಾಸ 70. ಅದೇ ಕೂಲರನ್ನು ಇಂಜಿನ್ನಿನಿಂದ ಹೊರಬರುವ 75 ಡಿಗ್ರಿಯ ಗಾಳಿಯಲ್ಲಿ ಇಟ್ಟರೆ ವ್ಯತ್ಯಾಸ 30. ಅಂದರೆ ಅಷ್ಟೇ ಗಾಳಿ ಹರಿದರೂ ಅರ್ಧಕ್ಕಿಂತ ಕಡಿಮೆ ಕೆಲಸ. ಒಗೆದ ಬಟ್ಟೆಯನ್ನು ಹಬೆಯಾಡುವ ಬಚ್ಚಲಲ್ಲಿ ಒಣಹಾಕಿದ ಹಾಗೆ.

ಎರಡನೆಯ ಮಾತು, ಗಾಳಿ ಬಂದರೆ ಸಾಲದು, ಹೋಗಲೂ ಬೇಕು. ಕೂಲರ್ ಹಿಂದೆ ಗೋಡೆಯಂತೆ ತಗಡು ಇದ್ದರೆ ಗಾಳಿ ಅದರ ಮೂಲಕ ಹರಿಯದೆ ಪಕ್ಕದಿಂದ ಜಾರಿಹೋಗುತ್ತದೆ. 650 ಸಿಸಿಯ ರಾಯಲ್ ಎನ್‌ಫೀಲ್ಡ್ ಬೈಕುಗಳಲ್ಲಿ ಆಯಿಲ್ ಕೂಲರ್ ಇಂಜಿನ್ನಿನ ಮುಂದೆ ತೆರೆದ ಗಾಳಿಗೆ ನಿಂತಿರುವುದನ್ನು ನೀವು ನೋಡಿರಬಹುದು. ಬೈಕಿಗೆ ಅದು ಸುಲಭ. ಹಿಂಬದಿ ಇಂಜಿನ್ನಿನ ಕಾರಿನಲ್ಲಿ ಇಂಜಿನ್ ಒಂದು ತುದಿಯಲ್ಲಿ, ಒಳ್ಳೆಯ ಗಾಳಿ ಇನ್ನೊಂದು ತುದಿಯಲ್ಲಿ. ಎಲ್ಲ ಪೇಚಾಟವೂ ಇದರಿಂದಲೇ.

ಒಂದೊಂದೇ ಜಾಗ ನೋಡೋಣ

*ಇಂಜಿನ್ ಕೋಣೆಯ ಒಳಗೆ, ಫ್ಯಾನ್ ಮುಂದೆ ಅಥವಾ ಮುಚ್ಚಳದ ಸೀಳುಗಳಿಗೆ:* ಬೇಡ. ಕಾರಣ ಮೇಲೆ ಹೇಳಿದ್ದೇ.

*ಹಿಂದಿನ ಬಂಪರ್ ಕೆಳಗೆ, ಸೈಲೆನ್ಸರ್ ಹತ್ತಿರ:* ಖಂಡಿತ ಬೇಡ. ಇಂಜಿನ್ ಹೊರಹಾಕುವ ಬಿಸಿ ಗಾಳಿ ಬರುವುದೇ ಈ ಕಡೆ. ಅದಕ್ಕಿಂತ ದೊಡ್ಡ ಅಪಾಯ ಬೆಂಕಿಯದು. ಇಂಜಿನ್ ಆಯಿಲ್‌ನ ಆವಿ ಹೊತ್ತಿಕೊಳ್ಳಲು ಸಾಮಾನ್ಯವಾಗಿ 200 ಡಿಗ್ರಿಗಿಂತ ಹೆಚ್ಚು ಉಷ್ಣತೆ ಬೇಕು, ಸೈಲೆನ್ಸರ್ ಪೈಪು ಅದಕ್ಕಿಂತಲೂ ಬಿಸಿಯಾಗಬಲ್ಲದು. ಬೀಟಲ್‌ನ ಇಂಜಿನ್ ಕೇಸ್ ಮೆಗ್ನೀಸಿಯಂ ಮಿಶ್ರಲೋಹದ್ದು. ಅದಕ್ಕೆ ಬೆಂಕಿ ಹತ್ತಿದರೆ ನೀರು ಸುರಿಯುವುದು ಬೆಂಕಿಗೆ ತುಪ್ಪ ಸುರಿದಂತೆಯೇ ಸರಿ.

*ಹಿಂದಿನ ಚಕ್ರದ ಮಡ್‌ಗಾರ್ಡ್ ಒಳಗೆ:* ಅನಿವಾರ್ಯವಾದರೆ ಪರವಾಗಿಲ್ಲ. ಪೈಪು ಗಿಡ್ಡ. ಆದರೆ ಚಕ್ರ ಎರಚುವ ಕಲ್ಲು, ಕೆಸರು ನೇರವಾಗಿ ಕೂಲರ್‌ಗೆ ಬಡಿಯುತ್ತದೆ. ಗಟ್ಟಿ ಜಾಲರಿ ಬೇಕು, ಎಲೆಕ್ಟ್ರಿಕ್ ಫ್ಯಾನ್ ಬೇಕು, ಆಗಾಗ ತೊಳೆಯುವ ಅಭ್ಯಾಸವೂ ಬೇಕು.

*ಗೇರ್‌ಬಾಕ್ಸ್ ಮೇಲ್ಭಾಗ, ಹಿಂದಿನ ಸೀಟಿನ ಹಿಂದೆ ಕಾರಿನ ಅಡಿಯಲ್ಲಿ:* ಬೀಟಲ್‌ಗೆ ಬಹುಮಟ್ಟಿಗೆ ಒಪ್ಪುವ ಜಾಗ. ಇದು ಇಂಜಿನ್ನಿಗಿಂತ ಮುಂದಿದೆ. ಕಾರು ಓಡುವಾಗ ಇಂಜಿನ್ನಿನ ಬಿಸಿ ಗಾಳಿ ಹಿಂದಕ್ಕೆ ಹೋಗುವುದರಿಂದ ಇಲ್ಲಿಗೆ ತಟ್ಟುವುದು ಕಡಿಮೆ. ಪೈಪು ಚಿಕ್ಕದು, ಕಲ್ಲಿನ ಏಟೂ ಕಡಿಮೆ. ಆದರೆ ತಾನಾಗಿ ನುಗ್ಗುವ ಗಾಳಿ ಸಾಲದು. ಹಾಗಾಗಿ ಫ್ಯಾನ್ ಜೋಡಿಸಿರುವ ಕೂಲರನ್ನೇ ಹಾಕಬೇಕು. ಆಯಿಲ್ ಬಿಸಿಯಾದಾಗ ಮಾತ್ರ ಫ್ಯಾನ್ ಓಡುವಂತೆ ಥರ್ಮೋ ಸ್ವಿಚ್ ಇರಬೇಕು. ಟ್ರಾಫಿಕ್‌ನಲ್ಲಿ ನಿಂತಾಗಲೂ ಇದು ಕೆಲಸ ಮಾಡುತ್ತದೆ.

*ಕಾರಿನ ಮುಂಭಾಗ:* ಗಾಳಿಯ ಮಟ್ಟಿಗೆ ಇದೇ ಅತ್ಯುತ್ತಮ. ಆದರೆ ಪೈಪು ಕಾರಿನ ಉದ್ದಕ್ಕೂ ಹೋಗಿ ಬರಬೇಕು. ಬೀಟಲ್‌ನ ಮೂತಿಯಲ್ಲಿ ಗಾಳಿಗೆ ಕಿಂಡಿಯೂ ಇಲ್ಲ. ಬಂಪರ್ ಕೆಳಗೆ ನೇತುಹಾಕಿದರೆ ಹಂಪ್‌ಗೆ ತಾಗುತ್ತದೆ.

ಪೋರ್ಶೆ ಮುಂದೆ ಹಾಕಿತಲ್ಲ, ನಾವು ಹಾಕಿದರೇನು?

ಈ ಪ್ರಶ್ನೆ ಸರಿಯಾದದ್ದೇ. ಹಳೆಯ ಪೋರ್ಶೆ 911ರ ಇಂಜಿನ್ ಕೂಡ ಹಿಂದಿತ್ತು, ಗಾಳಿಯಿಂದಲೇ ತಣ್ಣಗಾಗುತ್ತಿತ್ತು. 1969ರ ಮಾದರಿಯ 911 ಎಸ್ ಕಾರಿಗೆ ಕಂಪನಿ ಹೆಚ್ಚುವರಿ ಆಯಿಲ್ ಕೂಲರ್ ಕೊಟ್ಟಾಗ ಅದನ್ನು ಕೂರಿಸಿದ್ದು ಬಲಗಡೆಯ ಮುಂದಿನ ಮಡ್‌ಗಾರ್ಡ್ ಒಳಗೆ. 1973ರ ಕರೆರಾ ಆರ್‌ಎಸ್‌ಆರ್ ರೇಸ್ ಕಾರಿನಲ್ಲಿ ಅದು ಮೂತಿಯ ನಟ್ಟನಡುವಿಗೇ ಬಂತು.

ಆದರೆ 911ರ ಆಯಿಲ್ ವ್ಯವಸ್ಥೆಯೇ ಬೇರೆ. ಅದಕ್ಕೆ ಪ್ರತ್ಯೇಕ ಆಯಿಲ್ ಟ್ಯಾಂಕ್ ಇದೆ. 1972ರ ಮಾದರಿಯಲ್ಲಿ ಆ ಟ್ಯಾಂಕಿನ ಮುಚ್ಚಳ ಕಾರಿನ ಬಲ ಹೊರಮೈಯಲ್ಲೇ ಇತ್ತು. ಪೆಟ್ರೋಲ್ ಬಂಕಿನವರು ಗೊತ್ತಿಲ್ಲದೆ ಅದಕ್ಕೇ ಪೆಟ್ರೋಲ್ ತುಂಬಿದ್ದುಂಟು, ಮರುವರ್ಷವೇ ಆ ವಿನ್ಯಾಸ ಹೋಯಿತು. 911ರಲ್ಲಿ ಒಂದು ಪಂಪು ಟ್ಯಾಂಕಿನಿಂದ ಬೇರಿಂಗ್‌ಗಳಿಗೆ ಆಯಿಲ್ ಕೊಡುತ್ತದೆ, ಇನ್ನೊಂದು ಪಂಪು ಕೆಲಸ ಮುಗಿಸಿದ ಆಯಿಲನ್ನು ಟ್ಯಾಂಕಿಗೆ ಮರಳಿಸುತ್ತದೆ. ಮುಂದಿನ ಕೂಲರ್ ಇರುವುದು ಈ ಮರಳುವ ದಾರಿಯಲ್ಲಿ. ಅಷ್ಟುದ್ದದ ಪೈಪಿನಲ್ಲಿ ಒತ್ತಡ ಇಳಿದರೂ ಬೇರಿಂಗ್‌ಗೆ ಹೋಗುವ ಒತ್ತಡಕ್ಕೆ ಧಕ್ಕೆಯಿಲ್ಲ. ಆಯಿಲ್ ಬಿಸಿಯಾಗುವವರೆಗೆ ಥರ್ಮೋಸ್ಟಾಟ್ ಅದನ್ನು ಮುಂದಕ್ಕೆ ಬಿಡುವುದೂ ಇಲ್ಲ.

ಬೀಟಲ್‌ನಲ್ಲಿ ಪಂಪು ಒಂದೇ. ಸಾಮಾನ್ಯವಾಗಿ ಹೊರಗಿನ ಕೂಲರ್ ಜೋಡಿಸುವಾಗ ಪಂಪಿನಿಂದ ಹೊರಟ ಆಯಿಲ್ ಮೊದಲು ಪೈಪು, ಕೂಲರ್ ಸುತ್ತಿಕೊಂಡು ಬಂದು ಆಮೇಲೆ ಬೇರಿಂಗ್ ಸೇರುತ್ತದೆ. ಪೈಪು ಉದ್ದವಾದಷ್ಟೂ, ಸಣ್ಣದಾದಷ್ಟೂ ಒತ್ತಡ ಇಳಿಯುತ್ತದೆ. ಎಲ್ಲಾದರೂ ಒಂದು ಜಾಯಿಂಟ್ ಬಿಟ್ಟುಕೊಂಡರೆ ಆ ಎರಡೂವರೆ ಲೀಟರ್ ಆಯಿಲ್ ನೋಡನೋಡುತ್ತಲೇ ರಸ್ತೆ ಪಾಲು. ಹಿಂದೆ ಬರುವ ಬೈಕಿನವರಿಗೂ ಅದು ಅಪಾಯ. ಆದ್ದರಿಂದ ‘ಪೋರ್ಶೆಯಲ್ಲಿದೆ’ ಎನ್ನುವುದೊಂದೇ ಬೀಟಲ್‌ಗೆ ಸಮರ್ಥನೆಯಾಗುವುದಿಲ್ಲ.

ಜೊತೆಗೆ ಓಡಾಡುವ ಮೂರು ಮಾತುಗಳು

*‘ಕೂಲರ್ ದೊಡ್ಡದಿದ್ದಷ್ಟೂ ಒಳ್ಳೆಯದು.’* ತಪ್ಪು. ಆಯಿಲ್ ತೀರಾ ತಣ್ಣಗಿದ್ದರೂ ಕೆಡುಕೇ. ಇಂಜಿನ್ನಿನಲ್ಲಿ ಸೇರಿಕೊಳ್ಳುವ ನೀರಿನಂಶ, ಪೆಟ್ರೋಲ್ ಅಂಶ ಆವಿಯಾಗದೆ ಉಳಿದು ಒಳಗೆ ಕೆಸರಿನಂಥ ಜಿಡ್ಡು ಕಟ್ಟುತ್ತದೆ. ಹಾಗಾಗಿ ತಣ್ಣಗಿರುವಾಗ ಆಯಿಲನ್ನು ಕೂಲರ್‌ಗೆ ಕಳಿಸದ ಥರ್ಮೋಸ್ಟಾಟ್ ಇರಲೇಬೇಕು.

*‘ಹೊಸ ಕೂಲರ್ ಹಾಕಿದ ಮೇಲೆ ಕಂಪನಿ ಕೂಲರ್ ತೆಗೆದುಬಿಡಿ.’* ಬೇಡ. ಫ್ಯಾನ್ ತಿರುಗುವಷ್ಟು ಹೊತ್ತೂ ಕೆಲಸ ಮಾಡುವುದು ಅದು. ಹೊರಗಿನದು ಅದಕ್ಕೆ ನೆರವು ಮಾತ್ರ. ಮೂರನೇ ಸಿಲಿಂಡರ್ ಚಿಂತೆಯಿದ್ದರೆ ಪೂರ್ತಿ ತೆಗೆಯುವ ಬದಲು ‘ಡಾಗ್‌ಹೌಸ್’ ಮಾದರಿಗೆ ಬದಲಾಯಿಸಿಕೊಳ್ಳಿ.

*‘ಇಂಜಿನ್ ಮುಚ್ಚಳ ಸ್ವಲ್ಪ ತೆರೆದಿಟ್ಟು ಓಡಿಸಿ.’* ಎಚ್ಚರ. ಮುಚ್ಚಳದ ಕೆಳಅಂಚು ಸೈಲೆನ್ಸರ್‌ಗೆ ಹತ್ತಿರ. ಅಲ್ಲಿ ಸಂದು ಬಿಟ್ಟರೆ, ಅಡಿಯಿಂದ ಹೊರಗೆ ಹೋದ ಬಿಸಿ ಗಾಳಿಯೇ ಮತ್ತೆ ಒಳಬರಲು ದಾರಿಯಾಗಬಹುದು.

ಕೂಲರ್ ಕೊಳ್ಳುವ ಮುನ್ನ

ಬೀಟಲ್ ಇಂಜಿನ್ ಸರಿಯಾಗಿದ್ದರೆ ಸಾಮಾನ್ಯ ಓಡಾಟಕ್ಕೆ ಕಂಪನಿ ಕೂಲರ್ ಸಾಕಾಗುವಂತೆಯೇ ಅದರ ವಿನ್ಯಾಸವಿದೆ. ಬಿಸಿ ಏರುತ್ತಿದ್ದರೆ ಮೊದಲು ಇವನ್ನು ನೋಡಿ:

- ಇಂಜಿನ್ ಸುತ್ತಲಿನ ತಗಡುಗಳು ಎಲ್ಲವೂ ಇವೆಯೇ? ಅಂಚಿನ ರಬ್ಬರ್ ಸೀಲ್ ಹರಿದಿದೆಯೇ? ಕೆಳಗಿನ ಬಿಸಿ ಗಾಳಿ ಮೇಲೆ ಬಾರದಂತೆ ತಡೆಯುವುದೇ ಇವು.
- ಫ್ಯಾನ್ ಬೆಲ್ಟ್ ಸಡಿಲವಾಗಿದೆಯೇ?
- ಕಂಪನಿ ಕೂಲರ್‌ನ ಸಂದುಗಳಲ್ಲಿ ಧೂಳು, ಜಿಡ್ಡು ಕಟ್ಟಿದೆಯೇ?
- ಇಗ್ನಿಷನ್ ಟೈಮಿಂಗ್, ಕಾರ್ಬುರೇಟರ್ ಹೊಂದಾಣಿಕೆ ಸರಿಯಿದೆಯೇ?
- ಆಯಿಲ್ ಮಟ್ಟ ಸರಿಯಿದೆಯೇ?

ಇವುಗಳಲ್ಲಿ ದೋಷವಿದ್ದಾಗ ಕೂಲರ್ ಹಾಕುವುದೆಂದರೆ ಜ್ವರದ ಕಾರಣ ಹುಡುಕದೆ ತಣ್ಣೀರು ಬಟ್ಟೆ ಹಾಕುತ್ತಾ ಕೂತಂತೆ.

ಎಲ್ಲ ಸರಿಯಿದ್ದೂ ಬಿಸಿ ಏರುತ್ತಿದ್ದರೆ, ಅಂದರೆ ಇಂಜಿನ್ನಿನ ಶಕ್ತಿ ಹೆಚ್ಚಿಸಿದ್ದರೆ ಅಥವಾ ಬೇಸಿಗೆಯಲ್ಲಿ ದೂರದ ಹೆದ್ದಾರಿ ಓಟ, ಘಾಟಿ ಹತ್ತುವುದು ಹೆಚ್ಚಿದ್ದರೆ, ಕೂಲರ್ ಹಾಕಿಸಿ. ಆಯಿಲ್‌ಗೆಂದೇ ತಯಾರಾದ, ಒಳಗಿನ ಅಗಲ ಅರ್ಧ ಇಂಚಿಗೆ ಕಡಿಮೆಯಿಲ್ಲದ ಹೋಸ್ ಬಳಸಿ. ಪೆಟ್ರೋಲ್ ಪೈಪು, ನೀರಿನ ಪೈಪು ಆಗದು. ಓಡುವಾಗ ಇಂಜಿನ್ ಅಲುಗುತ್ತದೆ, ಬಾಡಿ ಅಷ್ಟು ಅಲುಗುವುದಿಲ್ಲ. ಆದ್ದರಿಂದ ಹೋಸ್ ಬಿಗಿಯಾಗಿರದೆ ತುಸು ಸಡಿಲವಾಗಿರಲಿ, ಎಲ್ಲೂ ಉಜ್ಜದಿರಲಿ. ಕೂಲರನ್ನು ರಬ್ಬರ್ ಮೇಲೆ ಕೂರಿಸಿ. ಪೈಪು ಸೇರುವ ಬಾಯಿಗಳು ಮೇಲ್ಮುಖವಾಗಿದ್ದರೆ ಒಳಗೆ ಗಾಳಿ ಸಿಕ್ಕಿಕೊಳ್ಳುವುದಿಲ್ಲ. ಮೊದಲ ಸಲ ಓಡಿಸಿದ ಮೇಲೆ ಆಯಿಲ್ ಮಟ್ಟ ಮತ್ತೆ ನೋಡಿ, ಕೂಲರ್ ಮತ್ತು ಪೈಪು ಕುಡಿದಷ್ಟನ್ನು ತುಂಬಿ. ಜಾಯಿಂಟ್‌ಗಳಲ್ಲಿ ಸೋರಿಕೆ ಇದೆಯೇ ಎಂದು ಬೆರಳಾಡಿಸಿ ನೋಡುವುದು ಇಂಜಿನ್ ಆರಿದ ಮೇಲೆ.

ತೀರ್ಮಾನ

‘ಫ್ಯಾನ್ ಗಾಳಿ ಎಳೆಯುವ ಕಡೆ ಕೂಲರ್ ಕಟ್ಟಿ’ ಎಂಬ ಸಲಹೆ ತಪ್ಪು ದಾರಿಗೆಳೆಯುವಂಥದ್ದು. ಬೀಟಲ್‌ಗೆ ಗೇರ್‌ಬಾಕ್ಸ್ ಮೇಲಿನ ಜಾಗ, ಫ್ಯಾನ್ ಮತ್ತು ಥರ್ಮೋಸ್ಟಾಟ್ ಸಮೇತ, ಹೆಚ್ಚಿನವರಿಗೆ ಸಾಕು. ಪೋರ್ಶೆ 911ಕ್ಕೆ ಕಂಪನಿಯೇ ತೋರಿಸಿದ ಮುಂದಿನ ಬಲ ಮಡ್‌ಗಾರ್ಡ್ ಸರಿ. ಬೇರೆ ಕಾರಾದರೆ ಮೆಕ್ಯಾನಿಕ್‌ಗೆ ಎರಡೇ ಪ್ರಶ್ನೆ ಕೇಳಿ: ಈ ಜಾಗಕ್ಕೆ ಬರುವ ಗಾಳಿ ಎಲ್ಲಿಂದ ಬರುತ್ತದೆ? ಕೂಲರ್ ದಾಟಿದ ಮೇಲೆ ಎಲ್ಲಿಗೆ ಹೋಗುತ್ತದೆ? ಎರಡಕ್ಕೂ ಸರಿಯಾದ ಉತ್ತರ ಸಿಗುವವರೆಗೆ ಬಾಡಿಗೆ ಡ್ರಿಲ್ ಹಾಕಿಸಬೇಡಿ.