ಬೀಥೋವನ್ ಪೋಸ್ಟರ್ ನಕಲು ಮಾಡಿದ ಕಥೆ

ಹೋದ ವರ್ಷ ಗೆಳೆಯರ ನಾಟಕಕ್ಕೆ ಒಂದು ಪೋಸ್ಟರ್ ಮಾಡಿಕೊಟ್ಟಿದ್ದೆ. ಐದು ಬಣ್ಣ, ನಾಲ್ಕು ಫಾಂಟು, ಅಕ್ಷರಕ್ಕೆಲ್ಲ ನೆರಳು. ನೋಡಿದವನೊಬ್ಬ "ಮದುವೆ ಯಾವತ್ತು ಮಾರಾಯ?" ಅಂದ. ನಕ್ಕು ಸುಮ್ಮನಾದೆ, ಆದರೆ ಮಾತು ಒಳಗೇ ಕೂತುಬಿಟ್ಟಿತು. ಎಲ್ಲಿ ತಪ್ಪಿದ್ದೇನೆ ಅಂತಲೇ ಗೊತ್ತಾಗಲಿಲ್ಲವಲ್ಲ, ಅದೇ ದೊಡ್ಡ ಬೇಜಾರು. ಚಿತ್ರಕಲೆ ಓದಿದ್ದ ಇನ್ನೊಬ್ಬ ಗೆಳೆಯ ಹೇಳಿದ: "ಪುಸ್ತಕ ಆಮೇಲೆ ಓದು. ಮೊದಲು ಒಂದು ಒಳ್ಳೆ ಪೋಸ್ಟರ್ ಇಟ್ಟುಕೊಂಡು ಪೂರ್ತಿ ನೀನೇ ಮತ್ತೆ ಮಾಡು. ಮೇಲಿಟ್ಟು ಗೀಚಬೇಡ, ಅಳೆದು ಮಾಡು."

ನಾನು ಆರಿಸಿಕೊಂಡದ್ದು ಸ್ವಿಟ್ಜರ್ಲೆಂಡಿನ ಯೋಸೆಫ್ ಮ್ಯೂಲರ್-ಬ್ರಾಕ್‌ಮನ್ (1914-1996) ಮಾಡಿದ 'ಬೀಥೋವನ್' ಪೋಸ್ಟರ್. ಕಾರಣ ಘನವಾದದ್ದೇನಲ್ಲ. ಕಪ್ಪು-ಬಿಳುಪು, ಬರೀ ಕಮಾನುಗಳು, ನಾಲ್ಕು ಸಾಲು ಅಕ್ಷರ... ಒಂದು ಭಾನುವಾರಕ್ಕೆ ಮುಗಿಯುತ್ತೆ ಅಂದುಕೊಂಡೆ. ಮೂರು ವಾರ ಹಿಡಿಯಿತು.

ಈ ಮನುಷ್ಯ ಮೊದಲು ಕೈಯಲ್ಲಿ ಚಿತ್ರ ಬರೆಯುತ್ತಿದ್ದವರು. ವಸ್ತುಪ್ರದರ್ಶನ, ರಂಗಸಜ್ಜಿಕೆ ಎಲ್ಲ ಮಾಡಿದವರು. 1950ರ ದಶಕದಲ್ಲಿ ಜ್ಯೂರಿಕ್‌ನ ಟೋನ್‌ಹಾಲೆ ಸಂಗೀತ ಸಭಾಂಗಣಕ್ಕೆ ಪೋಸ್ಟರ್ ಮಾಡುತ್ತಾ ಚಿತ್ರ ಬರೆಯುವುದನ್ನೇ ಬಿಟ್ಟರು. ಸಂಗೀತಕ್ಕೆ ಆಕಾರವಿಲ್ಲ, ಹಾಗಿದ್ದಮೇಲೆ ಪೋಸ್ಟರಿನಲ್ಲಿ ಪಿಟೀಲು ಯಾಕೆ ಎಂಬುದು ಅವರ ನಿಲುವು. ಈ ಪೋಸ್ಟರ್ 1955ರ ಫೆಬ್ರವರಿ 22, ಮಂಗಳವಾರ ರಾತ್ರಿಯ ಕಚೇರಿಗೆ. ಕಾರ್ಲ್ ಶೂರಿಷ್ಟ್ ನಿರ್ದೇಶನ, ವುಲ್ಫ್‌ಗಾಂಗ್ ಶ್ನೈಡರ್‌ಹಾನ್ ಪಿಟೀಲು. ಕೆದರಿದ ಕೂದಲಿನ ಬೀಥೋವನ್ ಮಾತ್ರ ಎಲ್ಲೂ ಇಲ್ಲ!

ಮೊದಲ ಭಾನುವಾರ ಇಂಕ್‌ಸ್ಕೇಪ್‌ನಲ್ಲಿ ಕಣ್ಣಳತೆಯಲ್ಲೇ ಕಮಾನು ಎಳೆದೆ. ಒಡೆದ ಬಳೆ ಚೂರು ಚೆಲ್ಲಿದ ಹಾಗಾಯಿತು. ಗೆಳೆಯನ ಮಾತು ನೆನಪಾಗಿ ಪ್ರಿಂಟ್ ತೆಗೆದು ಸ್ಕೇಲ್ ಹಿಡಿದು ಕೂತೆ. ತೀರ ಸಣ್ಣ ಪಟ್ಟಿಯ ಅಗಲ 1 ಅಂದುಕೊಂಡರೆ ಮುಂದಿನದು 2, ಆಮೇಲೆ 4, 8, 16, 32. ಕೋನಮಾಪಕ ಇಟ್ಟರೆ ಇನ್ನೊಂದು ಗುಟ್ಟು: ಇಡೀ ವೃತ್ತವನ್ನು 32 ಪಾಲು ಮಾಡಿದ್ದಾರೆ, ಒಂದೊಂದೂ 11.25 ಡಿಗ್ರಿ. ಕಮಾನುಗಳೆಲ್ಲ ಆ ಗೆರೆಗಳ ಮೇಲೇ ಶುರುವಾಗಿ ಅಲ್ಲೇ ನಿಲ್ಲುತ್ತವೆ.

ಪಕ್ಕದ ಕೋಣೆಯಲ್ಲಿ ಮಗಳು ಸರಳೆ ವರಸೆ ಹಾಡಿಕೊಳ್ಳುತ್ತಿದ್ದಳು. ಒಂದನೇ ಕಾಲ, ಎರಡನೇ ಕಾಲ, ಮೂರನೇ ಕಾಲ. ಪ್ರತಿ ಸಲ ವೇಗ ಇಮ್ಮಡಿ. ಅವರ ಸ್ವರಲಿಪಿಯಲ್ಲೂ ಹಾಗೇ ತಾನೆ, ಪೂರ್ಣ, ಅರ್ಧ, ಕಾಲು, ಅರೆಕಾಲು, ವೀಸ ಅಂತ ಇಳಿಯುವುದು? ಪೆನ್ಸಿಲ್ ಕೆಳಗಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕೇಳಿದೆ.

ಅಕ್ಷರಕ್ಕೆ ಹೆಲ್ವೆಟಿಕಾ ಹಾಕಿದ್ದೆ. ಸ್ವಿಸ್ ಅಂದರೆ ಹೆಲ್ವೆಟಿಕಾ ಅಲ್ಲವೇ? ಅಲ್ಲ ಸ್ವಾಮಿ. ಅದು ನೋಯೆ ಹಾಸ್ ಗ್ರೋಟೆಸ್ಕ್ ಎಂಬ ಹೆಸರಲ್ಲಿ ಹುಟ್ಟಿದ್ದೇ 1957ರಲ್ಲಿ, ಹೆಲ್ವೆಟಿಕಾ ಆದದ್ದು 1960ರಲ್ಲಿ. ಇಲ್ಲಿರುವುದು ಅಕ್ಸಿಡೆನ್ಸ್ ಗ್ರೋಟೆಸ್ಕ್, ಹತ್ತೊಂಬತ್ತನೇ ಶತಮಾನದ ಕೊನೆಯ ಬರ್ಲಿನ್ ಅಚ್ಚುಮೊಳೆ. ಇನ್ನೊಂದು ತಮಾಷೆ ನೋಡಿ. ಜರ್ಮನ್‌ನಲ್ಲಿ ನಾಮಪದಗಳೆಲ್ಲ ದೊಡ್ಡಕ್ಷರದಿಂದಲೇ ಶುರುವಾಗಬೇಕು. ಇವರು ಬೀಥೋವನ್ ಹೆಸರನ್ನೂ ಸಣ್ಣಕ್ಷರದಲ್ಲೇ ಬರೆದಿದ್ದಾರೆ! ದೊಡ್ಡಕ್ಷರ ಸಣ್ಣಕ್ಷರದ ಗೊಡವೆಯೇ ಇಲ್ಲದ ಕನ್ನಡದವನಿಗೆ ಅದೊಂದು ಪುಂಡಾಟ ಅಂತ ಹೊಳೆಯಲು ಎರಡು ವಾರ ಬೇಕಾಯಿತು.

ಲೆಕ್ಕ ಸಿಕ್ಕಿತಲ್ಲ ಅಂತ ಜಂಬ ಬಂತು. ಮೂಲವನ್ನು ಪಕ್ಕಕ್ಕಿಟ್ಟು, ಅದೇ ಅಗಲ, ಅದೇ ಡಿಗ್ರಿ ಬಳಸಿ ಕಮಾನುಗಳನ್ನು ನನ್ನಿಷ್ಟದಂತೆ ಜೋಡಿಸಿದೆ. ಮುರಿದ ಗಾಡಿಚಕ್ರ! ಅವರದ್ದು ತಿರುಗುತ್ತೆ, ನನ್ನದು ಬಿದ್ದುಕೊಂಡಿದೆ. ಮತ್ತೆ ಮತ್ತೆ ಹೋಲಿಸಿದಾಗ ಕಂಡಿತು. ಅವರ ವೃತ್ತದ ಕೇಂದ್ರ ಕಾಗದದ ನಟ್ಟನಡುವೆ ಇಲ್ಲ. ಖಾಲಿ ಬಿಟ್ಟ ಬಿಳಿ ಜಾಗಕ್ಕೂ ಕಪ್ಪಿನಷ್ಟೇ ತೂಕವಿದೆ, ಅಕ್ಷರಗಳು ಆ ಬಿಳಿಯ ಆಸರೆಯಲ್ಲಿ ನಿಂತಿವೆ. ಎಲ್ಲಿ ಕತ್ತರಿಸಬಹುದು ಅಂತ ಲೆಕ್ಕ 32 ಜಾಗ ತೋರಿಸುತ್ತೆ. ಯಾವುದರಲ್ಲಿ ಕತ್ತರಿಸಬೇಕು ಅನ್ನುವುದಕ್ಕೆ ಕಣ್ಣೇ ಗತಿ. 1981ರಲ್ಲಿ ಬಂದ ಅವರ 'ಗ್ರಿಡ್ ಸಿಸ್ಟಮ್ಸ್' ಪುಸ್ತಕ ಹಿಡಿದು ಅವರನ್ನು ಬರೀ ಲೆಕ್ಕದ ಮನುಷ್ಯ ಅನ್ನುವವರು ಒಂದು ಸಲ ಈ ಕಮಾನುಗಳನ್ನು ತಾವೇ ಜೋಡಿಸಿ ನೋಡಲಿ.

ಕೊನೆಗೆ ಅದನ್ನೇ ಕನ್ನಡದಲ್ಲಿ ಮಾಡಲು ಹೊರಟೆ. 'ಬೀಥೋವನ್' ಚೆನ್ನಾಗಿಯೇ ಕೂತಿತು. ಶೂರಿಷ್ಟ್, ಶ್ನೈಡರ್‌ಹಾನ್ ಬಂದಾಗ ಒತ್ತಕ್ಷರಗಳು ಕೆಳಗಿನ ಸಾಲಿಗೆ ತಗುಲಿದವು. ಸಾಲುಗಳ ನಡುವೆ ಜಾಗ ಬಿಟ್ಟರೆ ಅಕ್ಷರದ ಗುಂಪು ಬೆಳೆದು ಕಮಾನಿಗೆ ಗುದ್ದುತ್ತೆ. ಅಕ್ಷರ ಕುಗ್ಗಿಸಿದರೆ ದೂರದಿಂದ ಕಾಣಲ್ಲ. ಸದ್ಯಕ್ಕೆ ಒಂದು ಕಮಾನನ್ನು 11.25 ಡಿಗ್ರಿ ಹಿಂದೆ ಸರಿಸಿದ್ದೇನೆ. ನೀವಾಗಿದ್ದರೆ ಯಾವುದನ್ನು ಸರಿಸುತ್ತಿದ್ದಿರಿ?