ಭಾಗವತ ಯಾರ ಸ್ವತ್ತು?

ಕೆಲವು ತಿಂಗಳು ಪಂಚಾಂಗದಲ್ಲಿ ಏಕಾದಶಿ ಎರಡು ದಿನ ಬೀಳುತ್ತದೆ. ಮೊದಲ ದಿನದ್ದು 'ಸ್ಮಾರ್ತ ಏಕಾದಶಿ', ಮರುದಿನದ್ದು 'ಭಾಗವತ ಏಕಾದಶಿ'. ಸೂರ್ಯ ಹುಟ್ಟುವಾಗ ಏಕಾದಶಿ ಇದ್ದರೆ ಸ್ಮಾರ್ತರಿಗೆ ಸಾಕು. ವೈಷ್ಣವರು ನೋಡುವುದು ಅದಕ್ಕೂ ನಾಲ್ಕು ಗಳಿಗೆ, ಅಂದರೆ 96 ನಿಮಿಷ ಮುಂಚಿನ ಅರುಣೋದಯವನ್ನು. ಆಗ ದಶಮಿಯ ಸೋಂಕು ಇನ್ನೂ ಇದ್ದರೆ ಅವರ ಉಪವಾಸ ಮಾರನೆಯ ದಿನಕ್ಕೆ. ಹೀಗಾಗಿ ಒಂದು ಮನೆಯಲ್ಲಿ ನಿರಾಹಾರ, ಎದುರುಮನೆಯಲ್ಲಿ ಹುಳಿಯ ಒಗ್ಗರಣೆ. ಪಂಚಾಂಗದ ಪ್ರಕಾರ ಭಾಗವತನೆಂದರೆ ಸ್ಮಾರ್ತನಲ್ಲದವ.

ಘಟ್ಟ ಇಳಿದರೆ ಈ ಲೆಕ್ಕ ತಲೆಕೆಳಗು.

ತುಳುನಾಡಿನಲ್ಲಿ 'ಭಾಗವತ ಸಂಪ್ರದಾಯ'ದವರು ಸ್ಮಾರ್ತರೇ. ಹರಿಹರರಲ್ಲಿ ಭೇದವೆಣಿಸದ ಅದ್ವೈತಿಗಳು. ಶಂಕರರ ಶಿಷ್ಯ ತೋಟಕಾಚಾರ್ಯರ ಪರಂಪರೆಯೆಂದು ಹೇಳಿಕೊಳ್ಳುವ ಕಾಸರಗೋಡಿನ ಎಡನೀರು ಮಠ ಈ ಸಂಪ್ರದಾಯದ್ದು. ಅಲ್ಲಿ ಪೂಜೆಗೊಳ್ಳುವವರು ದಕ್ಷಿಣಾಮೂರ್ತಿ ಮತ್ತು ಗೋಪಾಲಕೃಷ್ಣ, ಇಬ್ಬರೂ. ಸಂವಿಧಾನದ ಮೂಲಸ್ವರೂಪ ಕುರಿತ 1973ರ ತೀರ್ಪಿಗೆ ಹೆಸರು ಕೊಟ್ಟ ಕೇಶವಾನಂದ ಭಾರತಿ ಸ್ವಾಮಿಗಳು ಇದೇ ಮಠದವರು.

ಹಳೆಯ ದಾಖಲೆಗಳಾದರೂ ವ್ಯಾಜ್ಯ ತೀರಿಸುತ್ತವೆಯೇ? ಕ್ರಿ.ಪೂ. 2ನೆಯ ಶತಮಾನದಲ್ಲಿ ವಿದಿಶೆಯ ಬಳಿ ಗರುಡಗಂಬ ನೆಡಿಸಿದ ಗ್ರೀಕ್ ರಾಯಭಾರಿ ಹೆಲಿಯೊಡೋರಸ್ ತನ್ನನ್ನು ಭಾಗವತನೆಂದೇ ಶಾಸನದಲ್ಲಿ ಕರೆದುಕೊಂಡಿದ್ದಾನೆ. ವೈಷ್ಣವರಿಗೆ ಗಟ್ಟಿ ಸಾಕ್ಷಿ. ಆದರೆ ಸುಮಾರು ಅದೇ ಕಾಲದವನೆನ್ನುವ ವೈಯಾಕರಣ ಪತಂಜಲಿ ತನ್ನ ಮಹಾಭಾಷ್ಯದಲ್ಲಿ ಕಬ್ಬಿಣದ ಶೂಲ ಹಿಡಿದ 'ಶಿವಭಾಗವತ'ನ ಮಾತೆತ್ತುತ್ತಾನೆ. ಎದುರುಪಕ್ಷದ ಸಾಕ್ಷಿಯೂ ಹಾಜರು!

ಪುಸ್ತಕದ ವಿಷಯದಲ್ಲಂತೂ ತಕರಾರು ಇನ್ನೂ ಬಿಸಿ. ಹದಿನೆಂಟು ಮಹಾಪುರಾಣಗಳ ಪಟ್ಟಿಯಲ್ಲಿರುವ 'ಭಾಗವತ' ಯಾವುದು? ಕೃಷ್ಣಕಥೆಯ ಶ್ರೀಮದ್ಭಾಗವತ ಎಂದು ವೈಷ್ಣವರು, ದೇವೀಭಾಗವತ ಎಂದು ಶಾಕ್ತರು. ಎರಡರಲ್ಲೂ 12 ಸ್ಕಂಧ, ಎರಡಕ್ಕೂ 18,000 ಶ್ಲೋಕಗಳ ಲೆಕ್ಕ. ಶ್ರೀಮದ್ಭಾಗವತಕ್ಕೆ ವ್ಯಾಖ್ಯಾನ ಬರೆದ ಶ್ರೀಧರಸ್ವಾಮಿ, ಬೇರೊಂದು ಭಾಗವತವಿದೆಯೆಂಬ ಶಂಕೆ ಬೇಡ ಎಂದು ಆರಂಭದಲ್ಲೇ ಹೇಳಿಬಿಡುತ್ತಾನೆ. ಶಂಕೆ ಆಗಲೇ ಹುಟ್ಟಿತ್ತು ಎಂಬುದಕ್ಕೆ ಬೇರೆ ಪುರಾವೆ ಬೇಕಿಲ್ಲ. ಇನ್ನೊಂದು ಸ್ವಾರಸ್ಯ: ಶ್ರೀಧರ ಅದ್ವೈತಿ ಸಂನ್ಯಾಸಿ, ಅವನ ವ್ಯಾಖ್ಯಾನವನ್ನು ತಲೆಯ ಮೇಲೆ ಹೊತ್ತವರು ಬಂಗಾಳದ ಚೈತನ್ಯ ಪಂಥದ ವೈಷ್ಣವರು. ಮತದ ಗಡಿಗಳು ಕಾಗದದಲ್ಲಿ ಕಾಣುವಷ್ಟು ನೆಟ್ಟಗಿರುವುದಿಲ್ಲ.

ಇಷ್ಟೆಲ್ಲ ಎಳೆದಾಟದ ನಡುವೆ ಕನ್ನಡ ಕರಾವಳಿ ಈ ಪದವನ್ನು ಒಂದು ಉದ್ಯೋಗವನ್ನಾಗಿಯೇ ಮಾಡಿಬಿಟ್ಟಿತು. ಯಕ್ಷಗಾನದಲ್ಲಿ ತಾಳ ಹಿಡಿದು ಪದ ಹೇಳಿ ಆಟ ನಡೆಸುವವರು ಭಾಗವತರು; ಅವರ ಕೆಲಸ ಭಾಗವತಿಕೆ. ನೆಬ್ಬೂರು ನಾರಾಯಣ ಭಾಗವತ, ಬಲಿಪ ನಾರಾಯಣ ಭಾಗವತ ಅವರಂಥವರ ಹೆಸರಿಗೇ ಅದು ಅಂಟಿಕೊಂಡಿತು. ವೇಷ ಕಟ್ಟುವ ಚೌಕಿಯಲ್ಲಿ ಗಣಪತಿಗೆ ಪೂಜೆಯಾದ ಮೇಲೆ ರಂಗಸ್ಥಳದಲ್ಲಿ ದಕ್ಷಯಜ್ಞವೂ ನಡೆದೀತು, ಕೃಷ್ಣನ ಕಥೆಯೂ ನಡೆದೀತು. ಬಲಿಪರು ದೀರ್ಘಕಾಲ ಹಾಡಿದ ಕಟೀಲು ಮೇಳದ ಹರಕೆ ಆಟಗಳಲ್ಲಿ 'ದೇವಿ ಮಹಾತ್ಮೆ'ಗೇ ಬೇಡಿಕೆ. ಶಿವ, ವಿಷ್ಣು, ಶಕ್ತಿ ಮೂವರಿಗೂ ಒಂದೇ ಕಂಠ.

ಭಾಗವತವೆಂಬ ಹೆಸರಿಗೆ ಒಬ್ಬರೇ ಹಕ್ಕುದಾರರೆಂದು ವಾದಿಸುವವರು ಒಮ್ಮೆ ರಾತ್ರಿ ಕೂತು ಆಟ ನೋಡಲಿ. ಕಟೀಲಿನಂಥ ಮೇಳಗಳ ತಿರುಗಾಟ ಮಳೆಗಾಲಕ್ಕೆ ಮುಂಚಿನ ಪತ್ತನಾಜೆಯವರೆಗೂ ಇರುತ್ತದೆ.