ಓಣಿಯಿಂದ ವಾರ್ಡಿಗೆ: ಗದಗ-ಬೆಟಗೇರಿಯ ವಸತಿ ಭೂಗೋಳದ ಚಾರಿತ್ರಿಕ ವಿವೇಚನೆ

1

ಪಟ್ಟಣಗಳ ಇತಿಹಾಸವನ್ನು ಬರೆಯುವವರು ಅರಸರ ಶಾಸನಗಳಿಂದಲೋ ದೇವಾಲಯಗಳ ಶಿಲ್ಪದಿಂದಲೋ ಆರಂಭಿಸುವುದು ವಾಡಿಕೆ. ಜನರು ಹುಟ್ಟಿ, ಬಾಳಿ, ತೀರಿಕೊಂಡ ಓಣಿ, ಕೇರಿ, ಪೇಟೆಗಳು ಅಂಥ ಇತಿಹಾಸದಲ್ಲಿ ಪ್ರಾಸಂಗಿಕವಾಗಿ ಮಾತ್ರ ಬರುತ್ತವೆ. ಭೂಗೋಳಶಾಸ್ತ್ರಜ್ಞರಾದರೋ ಪಟ್ಟಣವನ್ನು ಇಂದಿನ ನಕ್ಷೆಯಲ್ಲಿ ಕಂಡು, ಅದರ ವಿಸ್ತೀರ್ಣವನ್ನೂ ಜನಸಂಖ್ಯೆಯನ್ನೂ ಹೇಳಿ ಮುಗಿಸುತ್ತಾರೆ. ಇವೆರಡರ ನಡುವೆ ಉಳಿದುಹೋಗುವ ಒಂದು ಪ್ರಶ್ನೆಯನ್ನು ಈ ಲೇಖನದಲ್ಲಿ ಎತ್ತಿಕೊಳ್ಳಬೇಕೆಂದು ನಮ್ಮ ಉದ್ದೇಶ. ಜನರು ತಮ್ಮದೆಂದು ತಿಳಿದ ಓಣಿಗೂ ಸರಕಾರವು ಎಣಿಕೆಗಾಗಿ ಗೆರೆ ಎಳೆದ ವಾರ್ಡಿಗೂ ಇರುವ ಸಂಬಂಧವೇನು? ಈ ಪ್ರಶ್ನೆಗೆ ನಾವು ಗದಗ-ಬೆಟಗೇರಿಯನ್ನು ಮುಖ್ಯ ನಿದರ್ಶನವಾಗಿ ಆರಿಸಿಕೊಂಡಿದ್ದೇವೆ. ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳನ್ನು ಹೋಲಿಕೆಗಾಗಿ ನೋಡಿದ್ದೇವೆ.

ವಾರ್ಡ್ ಎಂಬ ಶಬ್ದವು ನಮಗೆ ಇಂಗ್ಲೆಂಡಿನಿಂದ ಬಂದದ್ದು. ಅದರ ಮೂಲಾರ್ಥ ಕಾವಲು. ಮಧ್ಯಯುಗದ ಲಂಡನ್ ನಗರದಲ್ಲಿ ಒಂದೊಂದು ವಾರ್ಡಿನ ನಿವಾಸಿಗಳು ತಮ್ಮ ಭಾಗದ ಕಾವಲನ್ನು ತಾವೇ ನೋಡಿಕೊಳ್ಳಬೇಕಾಗಿದ್ದಿತು. 1835ರ ಪೌರಸಂಸ್ಥೆಗಳ ಕಾನೂನು ಅಲ್ಲಿಯ ದೊಡ್ಡ ಪಟ್ಟಣಗಳನ್ನು ಚುನಾವಣೆಗಾಗಿ ವಾರ್ಡುಗಳಾಗಿ ವಿಂಗಡಿಸಿತು. ಹೀಗೆ ಕಾವಲಿನ ಕ್ಷೇತ್ರವು ಮತದಾನದ ಕ್ಷೇತ್ರವಾಯಿತು. ಈ ಅರ್ಥಾಂತರವನ್ನು ವಾಚಕರು ನೆನಪಿನಲ್ಲಿಡಬೇಕು; ಮುಂದೆ ಬೆಟಗೇರಿಯ ಸಂದರ್ಭದಲ್ಲಿ ನಮಗೆ ಇದರ ಪ್ರಯೋಜನವುಂಟು.

2

ಮೊದಲು ಭೂಮಿಯ ಸ್ವರೂಪವನ್ನು ನೋಡೋಣ. ಗದಗ ಜಿಲ್ಲೆಯ ಉತ್ತರದ ಅಂಚಿನಲ್ಲಿ ಮಲಪ್ರಭೆ, ದಕ್ಷಿಣದ ಅಂಚಿನಲ್ಲಿ ತುಂಗಭದ್ರೆ ಹರಿಯುತ್ತವೆ. ಗದಗ-ಬೆಟಗೇರಿ ಇವೆರಡರ ನಡುವಣ ಎತ್ತರದ ಬಯಲಿನಲ್ಲಿದೆ. ದಕ್ಷಿಣಕ್ಕೆ ಕಪ್ಪತಗುಡ್ಡದ ಸಾಲು. ಸುತ್ತಲೂ ಹತ್ತಿ, ಜೋಳಗಳನ್ನು ಬೆಳೆಯುವ ಎರೆಭೂಮಿ. ಊರಿಗೆ ಹೊಂದಿ ಹರಿಯುವ ನದಿಯಿಲ್ಲ. ಆದುದರಿಂದ ಕೆರೆ, ಬಾವಿಗಳೇ ಇಲ್ಲಿಯ ಪ್ರಾಚೀನ ವಸತಿಗೆ ಆಧಾರ. ನೀರಿದ್ದ ಕಡೆ ದೇವಾಲಯ, ದೇವಾಲಯದ ಸುತ್ತ ಅಗ್ರಹಾರ, ಅದರಾಚೆ ಕಸುಬುದಾರರ ಕೇರಿಗಳು, ಇದೇ ಮೊದಲಿನ ಕ್ರಮವೆಂದು ತೋರುತ್ತದೆ.

ಗದಗಿನ ಶಾಸನಗಳಲ್ಲಿ ಊರಿಗೆ ಕ್ರತುಕವೆಂಬ ಹೆಸರಿದೆ. ತ್ರಿಕೂಟೇಶ್ವರ ದೇವಾಲಯಕ್ಕೆ ಹೊಯ್ಸಳ ಇಮ್ಮಡಿ ಬಲ್ಲಾಳನು 12ನೆಯ ಶತಮಾನದ ಕೊನೆಯಲ್ಲಿ ದತ್ತಿ ಬಿಟ್ಟುದು, ಅಲ್ಲಿಯ ಆಚಾರ್ಯರಾದ ಚಂದ್ರಭೂಷಣ ಪಂಡಿತರು ಅದನ್ನು ಸ್ವೀಕರಿಸಿದುದು ಶಾಸನದಿಂದ ತಿಳಿದ ವಿಷಯ. ವೀರನಾರಾಯಣ ದೇವಾಲಯವು ಕುಮಾರವ್ಯಾಸನ ನೆನಪಿನಿಂದ ನಾಡಿಗೆಲ್ಲ ಪರಿಚಿತವಾಗಿದೆ. ಈ ಎರಡು ದೇವಾಲಯಗಳೂ ಜುಮ್ಮಾ ಮಸೀದಿಯೂ ಒಂದೇ ಧರ್ಮದರ್ಶಿ ಮಂಡಳಿಯ ಆಡಳಿತಕ್ಕೆ ಒಳಪಟ್ಟಿರುವುದು ಗದಗಿನ ಒಂದು ವಿಶೇಷ. ಮತಭೇದವನ್ನು ಲೆಕ್ಕಿಸದೆ ನೆರೆಯನ್ನು ಲೆಕ್ಕಿಸಿದ ಈ ವ್ಯವಸ್ಥೆಯು ನಮ್ಮ ವಿಷಯಕ್ಕೆ ತೀರ ಹತ್ತಿರದ್ದು.

ನಿವಾಸಿಗಳಿಗೂ ಆಳುವವರಿಗೂ ಇದ್ದ ಸಂಬಂಧದ ಅತಿ ಪ್ರಾಚೀನ ಸಾಕ್ಷ್ಯವೊಂದು ಲಕ್ಷ್ಮೇಶ್ವರದಲ್ಲಿ ದೊರೆತಿದೆ. ಆ ಊರು ಹಿಂದೆ ಪುಲಿಗೆರೆಯೆನಿಸಿ ಪುಲಿಗೆರೆ ಮುನ್ನೂರಕ್ಕೆ ಕೇಂದ್ರವಾಗಿದ್ದಿತು. ಬಾದಾಮಿ ಚಾಲುಕ್ಯರ ಯುವರಾಜ ವಿಕ್ರಮಾದಿತ್ಯನು ಕ್ರಿ. ಶ. 725ರ ಸುಮಾರಿನಲ್ಲಿ ಅಲ್ಲಿಯ ಮಹಾಜನರಿಗೂ ನಗರಕ್ಕೂ ಹದಿನೆಂಟು ಪ್ರಕೃತಿಗಳಿಗೂ ಒಂದು ಆಚಾರವ್ಯವಸ್ಥೆಯನ್ನು ವಿಧಿಸಿಕೊಟ್ಟನು. ರಾಜನ ಅಧಿಕಾರಿಗಳು ನಿವಾಸಿಗಳಿಗೆ ರಕ್ಷಿಸಿಕೊಡಬೇಕಾದುದೇನು, ಮನೆಮನೆಯವರು ತಮ್ಮ ಅಂತಸ್ತಿಗೆ ಅನುಸಾರವಾಗಿ ತೆರಬೇಕಾದುದೇನು ಎಂಬುದನ್ನು ಅದು ನಿರ್ದೇಶಿಸುತ್ತದೆ. ಅಲ್ಲಿ ಎಣಿಕೆಯ ಘಟಕ ವ್ಯಕ್ತಿಯಲ್ಲ, ಮನೆ. ಮಾತನಾಡುವವರು ಮತದಾರರಲ್ಲ, ಮಹಾಜನರು ಮತ್ತು ಶ್ರೇಣಿಗಳು. ಆದರೂ ತೆರುವವನಿಗೆ ಪ್ರತಿಯಾಗಿ ಸಲ್ಲಬೇಕಾದ ಹಕ್ಕುಗಳಿವೆ ಎಂಬ ತತ್ತ್ವವು ಕಲ್ಲಿನಲ್ಲಿಯೇ ನಿಂತಿದೆ.

3

ಹತ್ತೊಂಬತ್ತನೆಯ ಶತಮಾನದಲ್ಲಿ ಈ ಪ್ರದೇಶದ ಆಡಳಿತ ಭೂಗೋಳವು ಹರಿದು ಹಂಚಿಹೋಗಿದ್ದಿತು. 1818ರಲ್ಲಿ ಮನ್ರೋ ಗದಗನ್ನು ಹಿಡಿದ ಮೇಲೆ ಗದಗ-ಬೆಟಗೇರಿ, ಮುಂಡರಗಿಗಳು ಬ್ರಿಟಿಷರ ಧಾರವಾಡ ಜಿಲ್ಲೆಗೆ ಸೇರಿದುವು. ಶಿರಹಟ್ಟಿಯು ಸಾಂಗಲಿ ಸಂಸ್ಥಾನದಲ್ಲಿ, ಲಕ್ಷ್ಮೇಶ್ವರವು ಮಿರಜ ಸಂಸ್ಥಾನದಲ್ಲಿ ಉಳಿದುವು. ಒಂದು ದಿನದ ಚಕ್ಕಡಿ ಪ್ರಯಾಣದೊಳಗೆ ಮೂರು ಆಳಿಕೆಗಳು! 1858ರಲ್ಲಿ ಮುಂಡರಗಿಯ ಭೀಮರಾಯನ ಬಂಡಾಯವು ಎದ್ದು ಅಡಗಿತು. ಮರುವರ್ಷವೇ, ಎಂದರೆ 1859ರಲ್ಲಿ, ಗದಗ-ಬೆಟಗೇರಿ ಮುನಸಿಪಾಲಿಟಿಯ ಸ್ಥಾಪನೆಯಾಯಿತು. ಎರಡು ಊರುಗಳಿಗೆ ಒಂದೇ ಪೌರಸಭೆ, ಆದರೆ ಹೆಸರಿನಲ್ಲಿ ಎರಡೂ ಊರುಗಳು. ಆ ಜೋಡುಹೆಸರು ಇಂದಿನವರೆಗೆ ಉಳಿದಿದೆ.

ಎರಡು ಊರುಗಳ ಪ್ರಕೃತಿಯು ಬೇರೆ ಬೇರೆ. ಗದಗು ದೇವಾಲಯ, ಮಠ, ವ್ಯಾಪಾರಗಳ ಊರು. ಬೆಟಗೇರಿಯು ಪ್ರಾಚೀನ ವೀರಗಲ್ಲುಗಳ ಊರು, ನೇಕಾರರ ಊರು. ನೇಕಾರನಿಗೆ ಮನೆಯೇ ಕಾರಖಾನೆ. ಕುಣಿಮಗ್ಗಕ್ಕೆ ಮನೆಯ ನೆಲ ಬೇಕು; ಹಾಸು ಹೂಡುವುದಕ್ಕೆ ಮನೆಯ ಮುಂದಿನ ಬಯಲು ಬೇಕು. ಆದುದರಿಂದ ಅವನ ಓಣಿಯು ಬರಿಯ ಹಾದಿಯಲ್ಲ, ಉತ್ಪಾದನೆಯ ಸ್ಥಳ. ಬಾಸೆಲ್ ಮಿಶನ್ನಿನವರು 1841ರಷ್ಟು ಹಿಂದೆಯೇ ಬೆಟಗೇರಿಯಲ್ಲಿ ನೆಲೆಯೂರಿದರು. ಅವರ ಪರಂಪರೆಯ ಆಸ್ಪತ್ರೆಯನ್ನು ಜನರು ಜರ್ಮನ್ ಆಸ್ಪತ್ರೆಯೆಂದೇ ಕರೆದರು.

1880ರ ದಶಕದಲ್ಲಿ ರೇಲ್ವೆ ಬಂದಿತು. ಹುಬ್ಬಳ್ಳಿಯಿಂದ ಗುಂತಕಲ್ಲಿನ ಕಡೆಗೆ ಹೋಗುವ ಮಾರ್ಗವೂ ವಿಜಾಪುರದ ಮೇಲೆ ಹೋಟಗಿಗೆ ಹೋಗುವ ಮಾರ್ಗವೂ ಗದಗಿನಲ್ಲಿ ಕೂಡಿದುವು. ಎರೆಭೂಮಿಯ ಹತ್ತಿಗೆ ಮುಂಬಯಿಯ ದಾರಿ ತೆರೆಯಿತು. ಜೀನು, ಪ್ರೆಸ್ಸು, ಅಡತಿ ಅಂಗಡಿಗಳು ಹುಟ್ಟಿಕೊಂಡುವು. ಎರಡು ಊರುಗಳ ನಡುವಣ ಬಯಲು ಸ್ಟೇಶನ್ ರಸ್ತೆಯಾಗಿ ತುಂಬತೊಡಗಿತು. ರೇಲ್ವೆ ಊರುಗಳನ್ನು ದೂರದ ಪೇಟೆಗಳಿಗೆ ಜೋಡಿಸಿತು. ಅದೇ ಹಳಿಯು ಊರೊಳಗೆ ಹೊಸದೊಂದು ಗಡಿಯಾಗಿಯೂ ಮಲಗಿತು. 1901ರ ಜನಗಣತಿಯಲ್ಲಿ ಎರಡೂ ಊರುಗಳ ಜನಸಂಖ್ಯೆ ಕೂಡಿ 30,000ವನ್ನು ತುಸು ಮೀರಿದ್ದಿತು.

4

ಹಳೆಯ ಪೌರಸಭೆಯ ಎಲ್ಲೆಯನ್ನು ಕಂಡುಹಿಡಿಯಲು ಇಂದಿಗೂ ದಫ್ತರಕ್ಕೆ ಹೋಗಬೇಕಾದುದಿಲ್ಲ, ಸ್ಥಳನಾಮಗಳೇ ಸಾಕು. ಮುಳಗುಂದ ನಾಕಾ, ಹಾತಲಗೇರಿ ನಾಕಾ ಎಂಬ ಹೆಸರುಗಳನ್ನು ನೋಡಿರಿ. ನಾಕಾ ಎಂದರೆ ಊರೊಳಗೆ ಬರುವ ಸರಕಿನ ಮೇಲೆ ಜಕಾತಿ ವಸೂಲು ಮಾಡುವ ಕಟ್ಟೆ. ಮುಳಗುಂದದ ದಾರಿ, ಹಾತಲಗೇರಿಯ ದಾರಿ ಊರನ್ನು ಪ್ರವೇಶಿಸುವ ಸ್ಥಳದಲ್ಲಿ ಅಂಥ ಕಟ್ಟೆಗಳಿರುವುದು ಸಹಜ. ಕರ್ನಾಟಕದಲ್ಲಿ ಜಕಾತಿಯು 1979ರಲ್ಲಿ ರದ್ದಾಯಿತು. ಕಟ್ಟೆ ಹೋಯಿತು, ಹೆಸರು ಉಳಿಯಿತು. ಊರು ನಾಕೆಗಳನ್ನು ದಾಟಿ ಬಹುದೂರ ಬೆಳೆದ ಮೇಲೂ ಆ ಹೆಸರುಗಳು ಹಿಂದಿನ ಅಂಚನ್ನು ಗುರುತಿಸುತ್ತಿವೆ.

ಇದೇ ರೀತಿಯಲ್ಲಿ ಹೆಸರುಗಳನ್ನು ಪದರಪದರವಾಗಿ ಓದಬಹುದು. ಒಕ್ಕಲಗೇರಿ, ದಾಸರ ಓಣಿ ಎಂಬಲ್ಲಿ ನಿವಾಸಿಗಳ ಕಸುಬು ಇಲ್ಲವೆ ಸಮುದಾಯವು ಹೆಸರಾಗಿದೆ. ಗಂಗಾಪುರ ಪೇಟೆ ಎಂಬಲ್ಲಿ ವ್ಯಾಪಾರದ ನೆನಪಿದೆ. ಸ್ಟೇಶನ್ ರಸ್ತೆಯು ರೇಲ್ವೆಯ ಕಾಲದ್ದು. ಪಂಚಾಕ್ಷರಿ ನಗರ, ವಿವೇಕಾನಂದ ನಗರ, ಹುಡ್ಕೋ ಕಾಲನಿಗಳು ಇತ್ತೀಚಿನವು. ಅವುಗಳಲ್ಲಿ ಹೆಸರು ನಿವಾಸಿಗಳದಲ್ಲ. ಮಹಾಪುರುಷರದು, ಇಲ್ಲವೆ ಸಾಲ ಕೊಟ್ಟ ಸಂಸ್ಥೆಯದು. ಓಣಿಯು ತಾನಾಗಿ ಬೆಳೆದುದು, ನಗರವು ನಕ್ಷೆಯಿಂದ ಹುಟ್ಟಿದುದು ಎಂಬ ಭೇದವನ್ನು ಹೆಸರೇ ಸಾರುತ್ತದೆ.

ಈ ಪದರಗಳಲ್ಲಿ ಒಂದು ಹೆಸರು ಮಾತ್ರ ನಮ್ಮನ್ನು ತಡೆದು ನಿಲ್ಲಿಸುತ್ತದೆ. ಅದು ಬೆಟಗೇರಿಯ ಸೆಟಲ್‌ಮೆಂಟ್. 1871ರ ಕಾನೂನಿನಿಂದ ಬ್ರಿಟಿಷ್ ಸರಕಾರವು ಕೆಲವು ಸಮುದಾಯಗಳನ್ನು ಹುಟ್ಟಿನಿಂದಲೇ ಅಪರಾಧಿಗಳೆಂದು ಘೋಷಿಸಿತು. ಮುಂದೆ ಅವರನ್ನು ಸೆಟಲ್‌ಮೆಂಟುಗಳಲ್ಲಿ ಕೂಡಿಹಾಕುವ ಪದ್ಧತಿ ಬಂದಿತು. ಅಲ್ಲಿ ದಿನವೂ ಹಾಜರಿ. ಹೊರಗೆ ಹೋಗಬೇಕಾದರೆ ಪರವಾನಿಗೆಯ ಚೀಟಿ. ಮುಂಬಯಿ ಇಲಾಖೆಯಲ್ಲಿ ಅಂಥ ಸೆಟಲ್‌ಮೆಂಟುಗಳಿದ್ದ ಊರುಗಳಲ್ಲಿ ಗದಗು ಒಂದು. ಇಲ್ಲಿ ವಾರ್ಡ್ ಎಂಬ ಶಬ್ದದ ಮೂಲಾರ್ಥವು ವಿಪರೀತವಾಗಿ ನಿಜವಾಯಿತೆಂದು ಹೇಳಬೇಕು. ನಿವಾಸಿಗಳು ತಮ್ಮ ಭಾಗವನ್ನು ಕಾಯುವುದಕ್ಕೆ ಬದಲಾಗಿ ನಿವಾಸಿಗಳನ್ನೇ ಕಾಯುವ ಕ್ಷೇತ್ರ ಅದಾಗಿದ್ದಿತು. ಆ ಕಾನೂನು 1952ರಲ್ಲಿ ದೇಶದಾದ್ಯಂತ ರದ್ದಾಯಿತು. 1951-52ರಲ್ಲಿಯೇ ವಯಸ್ಕ ಮತದಾನದ ಪ್ರಥಮ ಮಹಾಚುನಾವಣೆ ನಡೆಯಿತು. ಹಾಜರಿಯ ಪಟ್ಟಿಯಲ್ಲಿದ್ದ ಸಮುದಾಯಗಳ ಹೆಸರು ಒಂದೇ ತಲೆಮಾರಿನಲ್ಲಿ ಮತದಾರರ ಪಟ್ಟಿಗೆ ಬಂದಿತು. ಪಟ್ಟಣದ ಇತಿಹಾಸದಲ್ಲಿ ಇದಕ್ಕಿಂತ ದೊಡ್ಡ ಘಟನೆಯನ್ನು ನಾವು ಕಾಣೆವು. ಆದರೆ ಬಡಾವಣೆಯ ಹೆಸರು ಉಳಿಯಿತು. ವಿಳಾಸವನ್ನು ಹೇಳುವಾಗ ಹಳೆಯ ಕಳಂಕವೂ ಅದರೊಡನೆ ಕೇಳಿಸುವ ಸಂಭವವಿದೆ.

5

ಚುನಾವಣೆಯ ವಾರ್ಡು ಕ್ರಮವಾಗಿ ಬಂದುದು. 1882ರ ರಿಪ್ಪನ್ನರ ನಿರ್ಣಯದ ತರುವಾಯ ಮುಂಬಯಿ ಇಲಾಖೆಯ ಪೌರಸಭೆಗಳಲ್ಲಿ ಚುನಾಯಿತ ಸದಸ್ಯರಿಗೆ ಸ್ಥಾನ ದೊರೆಯಿತು. ಮತದಾನದ ಹಕ್ಕು ಬಹುಕಾಲ ಆಸ್ತಿವಂತರಿಗೂ ತೆರಿಗೆದಾರರಿಗೂ ಮಾತ್ರ ಸೀಮಿತವಾಗಿದ್ದಿತು. 1948ರಲ್ಲಿ ಸಾಂಗಲಿ, ಮಿರಜ ಸಂಸ್ಥಾನಗಳು ವಿಲೀನವಾದ ಮೇಲೆ ಶಿರಹಟ್ಟಿ, ಲಕ್ಷ್ಮೇಶ್ವರಗಳು ನೆರೆಯ ಊರುಗಳೊಡನೆ ಒಂದೇ ಆಡಳಿತಕ್ಕೆ ಬಂದುವು. 1956ರಲ್ಲಿ ಧಾರವಾಡ ಜಿಲ್ಲೆಯು ಮೈಸೂರು ರಾಜ್ಯವನ್ನು ಸೇರಿತು; 1964ರ ಪೌರಸಭೆಗಳ ಕಾನೂನು ರಾಜ್ಯಕ್ಕೆಲ್ಲ ಏಕರೂಪದ ವ್ಯವಸ್ಥೆ ತಂದಿತು. 1993ರಲ್ಲಿ ಜಾರಿಗೆ ಬಂದ ಸಂವಿಧಾನದ 74ನೆಯ ತಿದ್ದುಪಡಿಯು ಪರಿಶಿಷ್ಟ ಜಾತಿ, ಪಂಗಡಗಳಿಗೂ ಮಹಿಳೆಯರಿಗೂ ಸ್ಥಾನಗಳನ್ನು ಮೀಸಲಿರಿಸಿತು. 1997ರಲ್ಲಿ ಗದಗು ಪ್ರತ್ಯೇಕ ಜಿಲ್ಲೆಯಾಯಿತು.

2011ರ ಜನಗಣತಿಯಲ್ಲಿ ಗದಗ-ಬೆಟಗೇರಿಯ ಜನಸಂಖ್ಯೆ 1 ಲಕ್ಷ 72 ಸಾವಿರವನ್ನು ಮೀರಿದ್ದಿತು. 2021ರ ಡಿಸೆಂಬರಿನಲ್ಲಿ ನಡೆದ ನಗರಸಭೆಯ ಚುನಾವಣೆಯು 35 ವಾರ್ಡುಗಳಲ್ಲಿ ಜರುಗಿತು. ಎಂದರೆ ಆ ಗಣತಿಯ ಪ್ರಕಾರ ವಾರ್ಡೊಂದಕ್ಕೆ ಸರಾಸರಿ 4,900 ಜನ. ವಾರ್ಡುಗಳ ಜನಸಂಖ್ಯೆ ಸಾಧ್ಯವಾದಷ್ಟು ಸಮನಾಗಿರಬೇಕೆಂಬುದು ನಿಯಮ. ನ್ಯಾಯದೃಷ್ಟಿಯಿಂದ ಈ ನಿಯಮವು ನಿರ್ದುಷ್ಟವಾದುದು. ಒಬ್ಬನ ಮತಕ್ಕೆ ಇನ್ನೊಬ್ಬನ ಮತಕ್ಕಿಂತ ಹೆಚ್ಚಿನ ತೂಕವಿರಬಾರದು. ಆದರೆ ಓಣಿಗಳು ಸಮಸಂಖ್ಯೆಯಲ್ಲಿ ಬೆಳೆಯುವುದಿಲ್ಲ. ಹಳೆಯ ಭಾಗದ ದಟ್ಟ ಓಣಿಗಳಲ್ಲಿ ಕೆಲವೇ ಹೆಜ್ಜೆಗಳೊಳಗೆ ಒಂದು ವಾರ್ಡು ತುಂಬುತ್ತದೆ. ಹೊರವಲಯದಲ್ಲಿ ಖಾಲಿ ನಿವೇಶನಗಳನ್ನು ದಾಟಿ ದಾಟಿ ಗೆರೆ ಎಳೆಯಬೇಕಾಗುತ್ತದೆ. ಒಂದೇ ನೆರೆಯಾಗಿ ಬಾಳಿದ ಮನೆಗಳು ಸಂಖ್ಯೆಯ ಸಮತೆಗಾಗಿ ಎರಡು ವಾರ್ಡುಗಳಲ್ಲಿ ಹಂಚಿಹೋಗುವ ಪ್ರಸಂಗ ಬರುತ್ತದೆ.

ಇದರಿಂದ ಆಗುವ ಪರಿಣಾಮವನ್ನು ನೀರಿನ ವಿಷಯದಲ್ಲಿ ಸ್ಪಷ್ಟವಾಗಿ ಕಾಣಬಹುದು. ನದಿಯಿಲ್ಲದ ಈ ಊರಿಗೆ ಇಂದು ನೀರು ದೂರದ ತುಂಗಭದ್ರೆಯಿಂದ ಬರಬೇಕು. ಕೊಳವೆಯು ಇಳಿಜಾರನ್ನೂ ಒತ್ತಡವನ್ನೂ ಅನುಸರಿಸಿ ಹೋಗುತ್ತದೆ. ವಾರ್ಡಿನ ಗೆರೆಯು ತಲೆಯೆಣಿಕೆಯನ್ನು ಅನುಸರಿಸಿ ಹೋಗುತ್ತದೆ. ಒಂದೇ ಕೊಳವೆಯ ನೀರು ಕುಡಿಯುವವರು ಬೇರೆ ಬೇರೆ ಸದಸ್ಯರನ್ನು ಕೇಳಬೇಕಾದಾಗ ಯಾರೂ ಪೂರ್ಣವಾಗಿ ಹೊಣೆಯಾಗುವುದಿಲ್ಲ. ಹಿಂದೆ ಒಂದು ಬಾವಿಯ ಸುತ್ತಲಿನವರಿಗೆ ಕೂಡಿ ಮಾತನಾಡುವ ಒಂದು ಕಟ್ಟೆಯಿದ್ದಿತು. ಬಾವಿಯ ಕಾಲವು ನಿರ್ದೋಷವಾಗಿದ್ದಿತೆಂದು ನಾವು ಹೇಳುವುದಿಲ್ಲ. ಎಲ್ಲರಿಗೂ ಎಲ್ಲ ಬಾವಿಗಳೂ ತೆರೆದಿರಲಿಲ್ಲವೆಂಬುದನ್ನು ಮರೆಯುವುದು ಇತಿಹಾಸಕ್ಕೆ ಮಾಡುವ ದ್ರೋಹ. ಓಣಿಯು ಆತ್ಮೀಯತೆಯನ್ನು ಕೊಟ್ಟಿತು, ಸಮಾನತೆಯನ್ನು ಕೊಡಲಿಲ್ಲ. ವಾರ್ಡು ಸಮಾನತೆಯನ್ನು ಕೊಟ್ಟಿತು, ಆತ್ಮೀಯತೆಯನ್ನು ಕೊಡಲಾರದು. ಇವೆರಡನ್ನೂ ಕೂಡಿಸುವುದೇ ಪೌರಜೀವನದ ಇಂದಿನ ಸಮಸ್ಯೆ.

6

ಈ ವಿವೇಚನೆಯಿಂದ ನಾವು ಎರಡು ಮಾತುಗಳನ್ನು ಸೂಚಿಸಬಯಸುತ್ತೇವೆ. ವಾರ್ಡುಗಳ ಎಲ್ಲೆಯನ್ನು ಪುನಃ ನಿರ್ಧರಿಸುವಾಗ ಜನಸಂಖ್ಯೆಯ ಜೊತೆಗೆ ಓಣಿಗಳ ಅಖಂಡತೆಯನ್ನೂ ನೀರಿನ ಹಂಚಿಕೆಯನ್ನೂ ಪರಿಗಣಿಸುವುದು ಯುಕ್ತ; ಆ ಗೆರೆಗಳ ಕರಡು ಪ್ರಕಟವಾದಾಗ ನಿವಾಸಿಗಳು ಅದನ್ನು ಓದಿ ತಮ್ಮ ಆಕ್ಷೇಪಣೆಗಳನ್ನು ಸಲ್ಲಿಸುವುದು ಇನ್ನೂ ಯುಕ್ತ. ಎರಡನೆಯದು ನಮ್ಮ ಕಾಲೇಜುಗಳಿಗೆ ಸಂಬಂಧಿಸಿದ್ದು. ವಾರ್ಡಿಗೆ ಸಂಖ್ಯೆಯಿದೆ, ಓಣಿಗೆ ಹೆಸರಿದೆ; ಸಂಖ್ಯೆಯು ದಫ್ತರದಲ್ಲಿ ಉಳಿಯುತ್ತದೆ, ಹೆಸರು ಮುದುಕರ ಬಾಯಲ್ಲಿ ಮಾತ್ರ ಉಳಿಯುತ್ತದೆ. ಒಬ್ಬೊಬ್ಬ ವಿದ್ಯಾರ್ಥಿಯು ತನ್ನ ಓಣಿಯ ಬಾವಿ, ಕಟ್ಟೆ, ಗುಡಿ, ಮಸೀದಿ, ಮಗ್ಗದ ಮನೆಗಳನ್ನು ಗುರುತಿಸಿ, ಹಿರಿಯರು ಹೇಳಿದ ಹೆಸರುಗಳನ್ನು ಬರೆದಿಟ್ಟರೆ ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳ ನಿಜವಾದ ನಕ್ಷೆ ಸಿದ್ಧವಾಗುವುದು. ಸೆಟಲ್‌ಮೆಂಟಿನಂಥ ಹೆಸರುಗಳ ವಿಷಯದಲ್ಲಿ ಮಾತ್ರ ಆ ಹೆಸರು ಇರಬೇಕೋ ಹೋಗಬೇಕೋ ಎಂಬುದನ್ನು ನಿರ್ಣಯಿಸುವ ಅಧಿಕಾರವು ಸಂಶೋಧಕನದಲ್ಲ, ಅಲ್ಲಿ ಬಾಳುವವರದು. ಆ ಹೆಸರು ಹೇಗೆ ಬಂದಿತೆಂಬುದನ್ನು ಮರೆಯದಂತೆ ಬರೆದಿಡುವುದಷ್ಟೇ ನಮ್ಮ ಕರ್ತವ್ಯ.